ಬೋರ್ಡು ದುಬೈಗೆ, ಬೆಲೆ ಗಂಗಾವತಿಯಲ್ಲಿ: ಒಂದು ರೈಸ್ ಮಿಲ್ಲಿನ ಪ್ರಕರಣ

2024ರ ದೀಪಾವಳಿ ಮುಗಿದು ಕೆಲವೇ ದಿನವಾಗಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತಿನ ಗದ್ದೆಗಳಿಗೆ ನೆಲ್ಲು ಕೊಯ್ಯುವ ಮಿಷನ್‌ಗಳು ಇಳಿಯುವ ಹೊತ್ತು. ರೈಸ್ ಮಿಲ್ಲಿನವರಿಗೆ ಊಟಕ್ಕೂ ಪುರುಸೊತ್ತಿರದ ಆ ದಿನಗಳಲ್ಲಿ ಅಣ್ಣ ತಮ್ಮ ಇಬ್ಬರೂ ಜೊತೆಯಾಗಿ ನನ್ನ ಆಫೀಸಿಗೆ ಬಂದು ಕೂತರು. ಹದಿನಾಲ್ಕು ವರ್ಷದಿಂದ ಅವರ ಲೆಕ್ಕ ನೋಡುತ್ತಿದ್ದೇನೆ. ಸುಗ್ಗಿಯಲ್ಲಿ ಇಬ್ಬರೂ ಮಿಲ್ಲು ಬಿಟ್ಟು ಬಂದದ್ದು ಅದೇ ಮೊದಲು. ತಮ್ಮನ ಕೈಯಲ್ಲಿ ಬಣ್ಣಬಣ್ಣದ ಚಾರ್ಟುಗಳಿದ್ದ ಒಂದು ಫೈಲು.

“ಆಡಿಟರ್ ಸಾಹೇಬ್ರ, ಕಂಪನಿ ದುಬೈಗೆ ಒಯ್ದ್ರ ಟ್ಯಾಕ್ಸೇ ಇಲ್ಲಂತ. ಹೌದೇನ್ರಿ?” ಎಂದರು ಅಣ್ಣ.

ಆ ಫೈಲನ್ನು ಬಿಡಿಸಿ ನೋಡಿದ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಆಗ ಜಾರಿಯಲ್ಲಿದ್ದುದು 1961ರ ಆದಾಯ ತೆರಿಗೆ ಕಾಯ್ದೆ. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಕಾಯ್ದೆ ಬಂದು ಕಲಂಗಳ ಸಂಖ್ಯೆ ಬದಲಾಗಿರುವುದರಿಂದ ಇಲ್ಲಿ ಸಂಖ್ಯೆಗಳನ್ನು ಆದಷ್ಟು ಕಡಿಮೆ ಬಳಸಿದ್ದೇನೆ.

ಮನೆ ಮತ್ತು ಮಿಲ್ಲು

ಅಪ್ಪ ಅಡತಿ ಅಂಗಡಿ ಇಟ್ಟಿದ್ದವರು. ಮಕ್ಕಳ ಕಾಲಕ್ಕೆ ಅದು ಮಿಲ್ಲಾಯಿತು, ಆಮೇಲೆ ಪ್ರೈವೇಟ್ ಲಿಮಿಟೆಡ್ ಕಂಪನಿಯಾಯಿತು. ವರ್ಷದ ವಹಿವಾಟು ₹58 ಕೋಟಿ, ತೆರಿಗೆಗೆ ಮುಂಚಿನ ಲಾಭ ₹2 ಕೋಟಿ. ಅಕ್ಕಿಯ ಧಂದೆಯಲ್ಲಿ ಲಾಭದ ಪಾಲು ತೆಳು. ತೌಡು, ನುಚ್ಚು ಮಾರಿ ಬಂದದ್ದೂ ಸೇರಿಯೇ ಈ ₹2 ಕೋಟಿ. ಸೋನಾ ಮಸೂರಿಯ ಹೆಚ್ಚಿನ ಪಾಲು ಬೆಂಗಳೂರು, ಹೈದರಾಬಾದಿಗೆ ಹೋಗುತ್ತದೆ. ವರ್ಷಕ್ಕೆ ಸುಮಾರು 1,500 ಟನ್ ಮಾತ್ರ ಹೊರದೇಶಕ್ಕೆ, ಕೊಲ್ಲಿಯಲ್ಲೂ ಅಮೆರಿಕದಲ್ಲೂ ಇರುವ ನಮ್ಮವರ ಅಡುಗೆಮನೆಗೆ.

ಅಣ್ಣ ಖರೀದಿ ಮತ್ತು ಮಾರಾಟ ನೋಡುತ್ತಾರೆ. ತಮ್ಮ ಬ್ಯಾಂಕು, ಲೆಕ್ಕ, ಲಾರಿ. ಅಣ್ಣನ ಮಗ ಎಂಬಿಎ ಮುಗಿಸಿ ನಾಲ್ಕು ವರ್ಷದಿಂದ ದುಬೈಯ ಒಂದು ಆಹಾರಧಾನ್ಯ ವ್ಯಾಪಾರದ ಕಂಪನಿಯಲ್ಲಿ ನೌಕರಿಯಲ್ಲಿದ್ದ. ಮನೆಯ ಅಕ್ಕಿಗೆ ಅಲ್ಲಿ ಪಾರ್ಟಿ ಹುಡುಕಿಕೊಡುತ್ತಿದ್ದವನೂ ಅವನೇ.

ಫೈಲಿನ ಬೇರು ಎಲ್ಲಿಂದ ಹೊರಟಿತು ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಅದರಲ್ಲಿ ದುರಾಸೆ ಇರಲಿಲ್ಲ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ಕ್ಕೆ. ನಡುವಿನ ಹದಿನಾಲ್ಕು ತಿಂಗಳು ಈ ಮಿಲ್ಲಿನ ಹೊರದೇಶದ ಪಾರ್ಟಿಗಳು ಒಬ್ಬೊಬ್ಬರಾಗಿ ಥಾಯ್ಲೆಂಡ್, ವಿಯೆಟ್ನಾಂ, ಪಾಕಿಸ್ತಾನದ ಅಕ್ಕಿಗೆ ತಿರುಗಿದರು. ವರ್ಷಗಟ್ಟಲೆ ಕಷ್ಟಪಟ್ಟು ಕೂಡಿಸಿದ ಗಿರಾಕಿ ಕಣ್ಣೆದುರೇ ಹೋಗುವುದನ್ನು ಮಗ ದುಬೈಯಲ್ಲಿ ಕೂತು ನೋಡಿದ. ‘ಇಲ್ಲೊಂದು ನಮ್ಮದೇ ಕಂಪನಿ ಇದ್ದಿದ್ದರೆ ಬೇರೆ ದೇಶದ ಅಕ್ಕಿ ಕೊಟ್ಟಾದರೂ ಪಾರ್ಟಿ ಉಳಿಸಿಕೊಳ್ಳಬಹುದಿತ್ತು’ ಎಂಬ ಅವನ ಮಾತು ಸರಿಯೇ ಇತ್ತು. ಆ ಮಾತನ್ನು ಕೇಳಿಸಿಕೊಂಡ ಒಬ್ಬ ಸಲಹೆಗಾರರು ಅದಕ್ಕೆ ತೆರಿಗೆಯ ಬಣ್ಣ ಬಳಿದು ಫೈಲು ಮಾಡಿಕೊಟ್ಟಿದ್ದರು.

ಫೈಲಿನಲ್ಲಿ ಏನಿತ್ತು

ದುಬೈಯ ಫ್ರೀ ಝೋನ್‌ನಲ್ಲಿ, ಅಂದರೆ ತೆರಿಗೆ ರಿಯಾಯಿತಿಯ ವಿಶೇಷ ವಲಯದಲ್ಲಿ, ಅಣ್ಣತಮ್ಮಂದಿರ ಹೆಸರಿನಲ್ಲಿ ಒಂದು ಕಂಪನಿ. ಗಂಗಾವತಿ ಕಂಪನಿಯ ಷೇರುಗಳೆಲ್ಲ ಆ ದುಬೈ ಕಂಪನಿಯ ಹೆಸರಿಗೆ. ಹಾಗಾದರೆ ಗಂಗಾವತಿಯದು ಮಗಳು ಕಂಪನಿ, ದುಬೈಯದು ತಾಯಿ ಕಂಪನಿ. ಚೀಲದ ಮೇಲಿನ ಬ್ರ್ಯಾಂಡೂ ದುಬೈಗೆ. ಇನ್ನು ಮುಂದೆ ರಫ್ತಿನ ಅಕ್ಕಿಯನ್ನು ಮಿಲ್ಲು ಕಿಲೋಗೆ ₹53ರಂತೆ ದುಬೈ ಕಂಪನಿಗೆ ಬಿಲ್ಲು ಮಾಡುವುದು, ದುಬೈ ಕಂಪನಿ ಅದನ್ನೇ ₹63ಕ್ಕೆ ಗಿರಾಕಿಗೆ ಮಾರುವುದು. ಅಕ್ಕಿ ಮಾತ್ರ ಮೊದಲಿನಂತೆ ಇಲ್ಲಿಂದಲೇ ಕಂಟೇನರ್ ಹತ್ತಿ ನೇರ ಗಿರಾಕಿಯ ಬಂದರಿಗೆ.

ಕಿಲೋಗೆ ₹10, 1,500 ಟನ್ನಿಗೆ ₹1.5 ಕೋಟಿ. ಇಷ್ಟು ಲಾಭ ಕಾಗದದಲ್ಲಿ ದುಬೈಗೆ ಹೋಗುತ್ತದೆ, ಇಲ್ಲಿ ₹50 ಲಕ್ಷ ಉಳಿಯುತ್ತದೆ. ಕಂಪನಿ ಶೇ 22ರ ದರ ಆಯ್ದುಕೊಂಡಿತ್ತು. ಸರ್ಚಾರ್ಜು, ಸೆಸ್ ಸೇರಿ ಶೇ 25.17. ₹2 ಕೋಟಿಗೆ ಕಟ್ಟುತ್ತಿದ್ದುದು ₹50.34 ಲಕ್ಷ. ಹೊಸ ಲೆಕ್ಕದಲ್ಲಿ ₹12.58 ಲಕ್ಷ. ‘ಉಳಿತಾಯ ₹37.75 ಲಕ್ಷ, ಪ್ರತಿ ವರ್ಷ’ ಎಂದು ಕೊನೆಯ ಹಾಳೆಯಲ್ಲಿ ಹಸಿರು ಅಕ್ಷರದಲ್ಲಿತ್ತು.

ಮಿಲ್ಲಿಗೆ ಬಣ್ಣಗೆಟ್ಟ ಕಾಳು ಬೇರ್ಪಡಿಸುವ ಒಂದು ಹೊಸ ಕಲರ್ ಸಾರ್ಟೆಕ್ಸ್ ಮಿಷನ್ ಬೇಕೆಂದು ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದ ಮನೆಗೆ ಆ ಹಸಿರು ಅಕ್ಷರ ಎಷ್ಟು ದೊಡ್ಡದಾಗಿ ಕಂಡಿರಬೇಕು ಎಂಬುದು ನನಗೆ ಗೊತ್ತು. ‘ಇದೆಲ್ಲ ಮೋಸ, ಬಿಡಿ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದರೆ ಅವರು ನನ್ನನ್ನು ಬಿಟ್ಟು ಆ ಸಲಹೆಗಾರರ ಬಳಿಗೇ ಹೋಗುತ್ತಿದ್ದರು. ಹೋಗುವುದು ನ್ಯಾಯವೂ ಆಗಿತ್ತು. ತೆರಿಗೆ ಉಳಿಸುವುದು ಅಪರಾಧವಲ್ಲ. ಹದಿನೈದು ದಿನ ಸಮಯ ಕೇಳಿದೆ.

ಈ ದಾರಿ ಹಳೆಯದು

ದೊಡ್ಡ ಕಂಪನಿಗಳು ಈ ದಾರಿಯಲ್ಲಿ ನಡೆಯಲು ಶುರುಮಾಡಿ ನಲವತ್ತು ವರ್ಷ ದಾಟಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೆಕ್‌ಡರ್ಮಾಟ್ ಎಂಬ ಕಂಪನಿ ತನ್ನ ಕಾನೂನಿನ ವಿಳಾಸವನ್ನು ಪನಾಮಾಕ್ಕೆ ಒಯ್ದಿತು. 1997ರಲ್ಲಿ ಟೈಕೋ ಬರ್ಮುಡಾಕ್ಕೆ ಹೋಯಿತು. ಸ್ಪ್ಯಾನರ್, ಸುತ್ತಿಗೆ ಮಾಡುವ ಸ್ಟ್ಯಾನ್ಲಿ ವರ್ಕ್ಸ್ 2002ರಲ್ಲಿ ಹೊರಟು ನಿಂತು, ಜನರ ಸಿಟ್ಟಿಗೆ ಹೆದರಿ ಕೈಬಿಟ್ಟಿತು. 2004ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು: ವಿಳಾಸ ಬದಲಾದ ಮೇಲೂ ಕಂಪನಿಯ ಶೇ 80ರಷ್ಟು ಪಾಲು ಹಳೆಯ ಒಡೆಯರ ಕೈಯಲ್ಲೇ ಇದ್ದರೆ ಅದನ್ನು ಅಮೆರಿಕದ ಕಂಪನಿ ಎಂದೇ ಎಣಿಸಬೇಕು. ಆಗ ಕಂಪನಿಗಳು ಹೊರದೇಶದ ಇನ್ನೊಂದು ಕಂಪನಿಯನ್ನು ಕೂಡಿಕೊಂಡು ಹೋಗುವ ದಾರಿ ಹಿಡಿದವು. ಬರ್ಗರ್ ಕಿಂಗ್ 2014ರಲ್ಲಿ ಕೆನಡಾದ ಟಿಮ್ ಹಾರ್ಟನ್ಸ್ ಜೊತೆ ಸೇರಿತು. ತಾಯಿ ಕಂಪನಿ ಕೆನಡಾದ್ದಾಯಿತು, ಬರ್ಗರ್ ಕಿಂಗ್‌ನ ಆಫೀಸು ಮಯಾಮಿಯಲ್ಲೇ ಉಳಿಯಿತು. ಔಷಧ ಕಂಪನಿ ಫೈಜರ್ 16,000 ಕೋಟಿ ಡಾಲರಿನ ಒಪ್ಪಂದದಲ್ಲಿ ಐರ್ಲೆಂಡಿನ ಅಲರ್ಗನ್ ಕಂಪನಿಯ ಮೂಲಕ ಅಲ್ಲಿಗೆ ಹೋಗುವುದರಲ್ಲಿತ್ತು. 2016ರ ಏಪ್ರಿಲ್‌ನಲ್ಲಿ ಖಜಾನೆ ಇಲಾಖೆ ಹೊಸ ನಿಯಮ ತಂದ ಎರಡೇ ದಿನಕ್ಕೆ ಒಪ್ಪಂದ ಮುರಿಯಿತು. ಆಮೇಲೆ 2018ರಿಂದ ಅಮೆರಿಕ ತನ್ನ ದರವನ್ನೇ ಶೇ 35ರಿಂದ 21ಕ್ಕೆ ಇಳಿಸಿತು.

ನಮ್ಮಲ್ಲಿ ಕಾನೂನಿನ ಗಂಟು ಬೇರೆ ರೀತಿಯದು. ಭಾರತದಲ್ಲಿ ನೋಂದಾಯಿಸಿದ ಕಂಪನಿಯ ನೋಂದಾಯಿತ ಕಚೇರಿ ಭಾರತದಲ್ಲೇ ಇರಬೇಕು, ಅದನ್ನು ಎತ್ತಿ ದುಬೈಗೆ ಇಡಲು ಬರುವುದಿಲ್ಲ. ಹಾಗಾಗಿ ಮೇಲೊಂದು ಹೊರದೇಶದ ಕಂಪನಿ ಕಟ್ಟಿ ಇಲ್ಲಿಯದನ್ನು ಅದರ ಕೆಳಗೆ ತರುತ್ತಾರೆ. ಸ್ಟಾರ್ಟಪ್ ಮಂದಿ ಇದನ್ನು ‘ಫ್ಲಿಪ್’ ಅನ್ನುತ್ತಾರೆ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ನಾಲ್ಕು ವರ್ಷದಲ್ಲಿ ಸಿಂಗಪುರದ ಕಂಪನಿಯಾಯಿತು. ಅದರ ಮನೆಯಲ್ಲೇ ಬೆಳೆದ ಫೋನ್‌ಪೇ 2022ರಲ್ಲಿ ಸಿಂಗಪುರದಿಂದ ವಾಪಸು ಬಂತು; ಬರುವಾಗ ಅದರ ಹೂಡಿಕೆದಾರರು ಕಟ್ಟಿದ ತೆರಿಗೆ ಸುಮಾರು ₹8,000 ಕೋಟಿ. ಹೋಗುವುದಕ್ಕೂ ಖರ್ಚು, ಬರುವುದಕ್ಕೆ ಇನ್ನೂ ಹೆಚ್ಚು ಖರ್ಚು ಎಂದು ಅಣ್ಣನಿಗೆ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: “ಹಂಗಾರ ಅವ್ರು ಯಾಕ್ ಹೋದ್ರು?” ಅವರಿಗೆ ಹೊರದೇಶದ ಬಂಡವಾಳ ಬೇಕಿತ್ತು, ನಿಮಗೆ ಬೇಕಾದದ್ದು ಬಂಡವಾಳವಲ್ಲ ಎಂದೆ.

ಮೊದಲ ಅಡ್ಡಗಾಲು

ಫೈಲಿನ ಮೊದಲ ಹಾಳೆಯೇ ನಿಲ್ಲಲಿಲ್ಲ. ಭಾರತದಲ್ಲಿ ವಾಸವಿರುವ ಒಬ್ಬ ವ್ಯಕ್ತಿ ವರ್ಷಕ್ಕೆ 2,50,000 ಡಾಲರ್ ತನಕ ಹೊರಗೆ ಕಳಿಸಬಹುದು, ಅದರಲ್ಲಿ ಹೊರದೇಶದ ಕಂಪನಿಯ ಷೇರನ್ನೂ ಕೊಳ್ಳಬಹುದು. ಆದರೆ 2022ರ ಆಗಸ್ಟ್ 22ರ ಹೊರದೇಶ ಹೂಡಿಕೆ ನಿಯಮಗಳ ಪ್ರಕಾರ, ಆ ಕಂಪನಿ ಅವನ ಹಿಡಿತದಲ್ಲಿದ್ದರೆ ಅದರ ಕೆಳಗೆ ಮಗಳು ಕಂಪನಿ ಇರಕೂಡದು. ಇಲ್ಲಿ ಇಡೀ ಯೋಜನೆಯೇ ಗಂಗಾವತಿ ಕಂಪನಿಯನ್ನು ದುಬೈ ಕಂಪನಿಯ ಮಗಳು ಮಾಡುವುದು. ಅಣ್ಣತಮ್ಮಂದಿರಿಬ್ಬರೂ ಇಲ್ಲೇ ವಾಸ. ಇದು ತೆರಿಗೆಯ ಪ್ರಶ್ನೆಯಲ್ಲ, ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ಪ್ರಶ್ನೆ. ಬ್ಯಾಂಕಿನ ಬಾಗಿಲಲ್ಲೇ ಕಾಗದ ನಿಲ್ಲುತ್ತಿತ್ತು.

ನಿಲ್ಲದೆ ದಾಟಿತು ಅಂತಲೇ ಇಟ್ಟುಕೊಳ್ಳೋಣ. ಮಿಲ್ಲಿನ ಷೇರನ್ನು ದುಬೈ ಕಂಪನಿಗೆ ಕೊಟ್ಟು ಅದರ ಷೇರು ಪಡೆಯುವುದು ಕಾನೂನಿನ ಕಣ್ಣಿಗೆ ಮಾರಾಟವೇ. ಅಪ್ಪನ ಕಾಲದಲ್ಲಿ ಕೊಂಡ ಜಾಗ ಇಂದು ಊರೊಳಗೆ ಬಂದಿದೆ, ಅದರ ಬೆಲೆಯೆಲ್ಲ ಷೇರಿನ ಬೆಲೆಯಲ್ಲಿ ಕೂಡಿಕೊಳ್ಳುತ್ತದೆ. ಆ ಲಾಭದ ಮೇಲೆ ಶೇ 12.5 ಬಂಡವಾಳ ತೆರಿಗೆ, ಕೈಗೆ ಒಂದು ರೂಪಾಯಿಯೂ ಬಾರದೆ. ಬ್ರ್ಯಾಂಡಿನದೂ ಹೀಗೆಯೇ. ದುಬೈಗೆ ಕೊಡುವಾಗ ಅದಕ್ಕೆ ಬೆಲೆ ಕಟ್ಟಬೇಕು, ಕೊಟ್ಟ ಮೇಲೆ ನಮ್ಮದೇ ಚೀಲದ ಮೇಲೆ ನಮ್ಮದೇ ಹೆಸರು ಹಾಕಲು ರಾಯಲ್ಟಿ ಕಟ್ಟಬೇಕು. ರಾಯಲ್ಟಿ ಹೊರಹೋಗುವಾಗ ಉಭಯ ದೇಶಗಳ ಒಪ್ಪಂದದ ದರದಲ್ಲಿ ಶೇ 10 ಇಲ್ಲಿಯೇ ಕಡಿತ.

ದುಬೈ ‘ಸೊನ್ನೆ’ ಎಂಬುದೂ ಹಳೆಯ ಸುದ್ದಿ. 2023ರ ಜೂನ್ 1ರಿಂದ ಶುರುವಾಗುವ ಲೆಕ್ಕವರ್ಷಗಳಿಗೆ ಯುಎಇ ಕಂಪನಿ ತೆರಿಗೆ ತಂದಿದೆ. ಅಲ್ಲಿನ ದುಡ್ಡಿನಲ್ಲಿ 3,75,000 ದಿರಮ್ ತನಕದ ಲಾಭಕ್ಕೆ ಸೊನ್ನೆ, ಅದರ ಮೇಲಿನದಕ್ಕೆ ಶೇ 9. ಫ್ರೀ ಝೋನ್‌ನಲ್ಲಿ ಸೊನ್ನೆ ಇದೆ ನಿಜ, ಆದರೆ ಅದು ಅರ್ಹ ಆದಾಯಕ್ಕೆ ಮಾತ್ರ. ಅಲ್ಲಿ ನಿಜವಾದ ಆಫೀಸು, ಸಿಬ್ಬಂದಿ, ಖರ್ಚು, ಆಡಿಟ್ ಆದ ಲೆಕ್ಕ ಎಲ್ಲ ಇರಬೇಕು. ಲೈಸೆನ್ಸಿನ ಜೊತೆ ಸೊನ್ನೆ ಉಚಿತವಾಗಿ ಬರುವುದಿಲ್ಲ. ಸಣ್ಣ ವ್ಯಾಪಾರಕ್ಕಿರುವ ವಿನಾಯಿತಿಗೆ ವಹಿವಾಟು 30 ಲಕ್ಷ ದಿರಮ್ ಒಳಗಿರಬೇಕು, ಇವರ ರಫ್ತು ಒಂದೇ 41 ಲಕ್ಷ ದಿರಮ್ ದಾಟುತ್ತದೆ. ಸಾಮಾನ್ಯ ದರದಲ್ಲಿ ಲೆಕ್ಕ ಹಾಕಿದೆ. ₹1.5 ಕೋಟಿ ಎಂದರೆ ಆಗಿನ ದರಕ್ಕೆ ಸುಮಾರು 6,52,000 ದಿರಮ್. ತೆರಿಗೆ 24,930 ದಿರಮ್, ನಮ್ಮ ದುಡ್ಡಿನಲ್ಲಿ ₹5.73 ಲಕ್ಷ. ₹37.75 ಲಕ್ಷದ ಮುಂದೆ ಇದು ಕಡಿಮೆಯೇ ಎಂದು ತಮ್ಮ ಹೇಳಿದರು. ಹೌದು, ಕಡಿಮೆಯೇ. ಮರೆಮಾಚದೆ ಒಪ್ಪಿಕೊಂಡೆ.

ಹದಿನೈದು ದಿನದ ನೋಟ್‌ಬುಕ್

ನನ್ನ ಮಟ್ಟಿಗೆ ಪ್ರಕರಣದ ಜೀವ ಇರುವುದು ಇಲ್ಲಿ.

ಮೊದಲ ದಿನವೇ ತಮ್ಮನ ಕೈಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟಿದ್ದೆ. ಹೊರದೇಶದ ಪ್ರತಿ ಆರ್ಡರಿಗೂ ಒಂದು ಪುಟ. ಗಿರಾಕಿಯನ್ನು ತಂದವರು ಯಾರು, ಸ್ಯಾಂಪಲ್ ಪಾಸು ಮಾಡಿದವರು ಯಾರು, ಬೆಲೆ ಹೇಳಿದವರು ಯಾರು, ಎಲ್ಲಿ ಕೂತು ಹೇಳಿದರು. ಇಷ್ಟೇ ಬರೆಯಿರಿ ಎಂದಿದ್ದೆ. ನಿಷೇಧ ತೆರವಾಗಿ ಗಿರಾಕಿಗಳು ಮರಳುತ್ತಿದ್ದ ದಿನಗಳಾದ್ದರಿಂದ ಆರ್ಡರುಗಳಿಗೆ ಬರವಿರಲಿಲ್ಲ.

ಹದಿನೈದು ದಿನದಲ್ಲಿ ಒಂಬತ್ತು ಪುಟ ತುಂಬಿತ್ತು. ಗಿರಾಕಿಯ ಸಾಲಿನಲ್ಲಿ ಆರು ಕಡೆ ಮಗನ ಹೆಸರು. ಬೆಲೆಯ ಸಾಲಿನಲ್ಲಿ ಎಂಟು ಕಡೆ ಅಣ್ಣ, ಒಂದು ಕಡೆ ತಮ್ಮ. ಸ್ಥಳದ ಸಾಲಿನಲ್ಲಿ ಒಂಬತ್ತಕ್ಕೆ ಒಂಬತ್ತೂ ಮಿಲ್ಲಿನ ಆಫೀಸು, ಇಲ್ಲವೆ ಮನೆ.

ಆಗುತ್ತಿದ್ದುದು ಹೀಗೆ. ದುಬೈಯಲ್ಲಿ ಏಳೂವರೆ, ಇಲ್ಲಿ ಒಂಬತ್ತು ಗಂಟೆ. ಮಗ ಫೋನ್ ಮಾಡುತ್ತಾನೆ. “ಅಪ್ಪಾ, ಪಾರ್ಟಿ ಅರವತ್ತೊಂದು ಕೇಳಾಕತ್ಯಾನ, ಕೊಡ್ಲಾ?” ಅಣ್ಣ ಆ ದಿನ ಅಂಗಳಕ್ಕೆ ಬಂದ ನೆಲ್ಲನ್ನು ಅಂಗೈಯಲ್ಲಿ ಉಜ್ಜಿ ನೋಡಿರುತ್ತಾರೆ, ಎರಡು ಕಾಳು ಹಲ್ಲಿನಲ್ಲಿ ಕಡಿದು ತೇವ ಎಷ್ಟೆಂದು ತಿಳಿದಿರುತ್ತಾರೆ, ಕಾರಟಗಿ ಪೇಟೆಯಲ್ಲಿ ಸಂಜೆ ಎಷ್ಟಕ್ಕೆ ನಿಂತಿತು ಎಂದು ಕೇಳಿಸಿಕೊಂಡಿರುತ್ತಾರೆ. “ಅರವತ್ಮೂರಕ್ಕ ಒಂದು ಪೈಸಾ ಕಮ್ಮಿ ಆಗಂಗಿಲ್ಲ ಅಂತ್ಹೇಳು.” ಅಲ್ಲಿಗೆ ಬೆಲೆ ಮುಗಿಯಿತು. ಕಿಲೋಗೆ ಆ ಹತ್ತು ರೂಪಾಯಿ ಹುಟ್ಟಿದ್ದು ಎಲ್ಲಿ ಎಂದರೆ ಆ ಅಂಗೈಯಲ್ಲಿ.

ಕಾನೂನು ಕೇಳುವುದೂ ಇದನ್ನೇ. ಹೊರದೇಶದ ಕಂಪನಿಯಾದರೂ ಅದರ ಪರಿಣಾಮಕಾರಿ ಆಡಳಿತದ ಸ್ಥಳ ಭಾರತದಲ್ಲಿದ್ದರೆ ಅದನ್ನು ಭಾರತದ ನಿವಾಸಿ ಎಂದು ಎಣಿಸುವ ನಿಯಮ 2017–18ರ ಅಸೆಸ್‌ಮೆಂಟ್ ವರ್ಷದಿಂದ ಜಾರಿಯಲ್ಲಿದೆ. 2017ರ ಜನವರಿಯಲ್ಲಿ ನೇರ ತೆರಿಗೆ ಮಂಡಳಿ ಹೊರಡಿಸಿದ ಮಾರ್ಗಸೂಚಿ, ಸಭೆಯ ನಡಾವಳಿಯಲ್ಲಿ ಬರೆದದ್ದಕ್ಕಿಂತ ನಿರ್ಧಾರ ನಿಜಕ್ಕೂ ಯಾರು, ಎಲ್ಲಿ ಮಾಡುತ್ತಾರೆ ಎಂಬುದನ್ನು ನೋಡು ಅನ್ನುತ್ತದೆ.

ಸಲಹೆಗಾರರು ಇದಕ್ಕೂ ಉತ್ತರ ಇಟ್ಟುಕೊಂಡಿದ್ದರು, ಉತ್ತರ ಸರಿಯೂ ಆಗಿತ್ತು. ವರ್ಷದ ವಹಿವಾಟು ₹50 ಕೋಟಿ ದಾಟದ ಹೊರದೇಶದ ಕಂಪನಿಗೆ ಈ ನಿಯಮ ಅನ್ವಯಿಸದು ಎಂದು ಅದೇ ಮಂಡಳಿ ಮರುತಿಂಗಳೇ ಇನ್ನೊಂದು ಸುತ್ತೋಲೆ ಹೊರಡಿಸಿದೆ. ದುಬೈ ಕಂಪನಿಯ ವಹಿವಾಟು ₹9.45 ಕೋಟಿ ಮಾತ್ರ. ತಮ್ಮ ಆ ಸಾಲನ್ನು ಬೆರಳಿಟ್ಟು ತೋರಿಸಿದಾಗ, ಇದೊಂದು ಬಾಗಿಲು ನಿಮಗೆ ತೆರೆದಿದೆ ಎಂದೆ. ಆದರೆ ಆ ಕೋಣೆಗೆ ಇನ್ನೂ ಎರಡು ಬಾಗಿಲಿವೆ.

ಒಂದು, ಬೆಲೆ ವರ್ಗಾವಣೆಯ ನಿಯಮ. ನಂಟಿರುವ ಎರಡು ಕಂಪನಿಗಳು ಗಡಿ ದಾಟಿ ವ್ಯಾಪಾರ ಮಾಡಿದರೆ, ನಂಟಿಲ್ಲದವರ ನಡುವೆ ಕುದುರುವ ಬೆಲೆಯೇ ಅಲ್ಲಿಯೂ ಇರಬೇಕು. ಇದಕ್ಕೆ ವಹಿವಾಟು ಚಿಕ್ಕದು ಎಂಬ ವಿನಾಯಿತಿ ಇಲ್ಲ, ಆಡಿಟರ್ ಪ್ರತಿ ವರ್ಷ (ಆಗ 3ಸಿಇಬಿ ಎಂಬ ಫಾರಂನಲ್ಲಿ) ವರದಿ ಕೊಡಲೇಬೇಕು. ‘ಬೆಂಗಳೂರಿಗೂ ₹53ಕ್ಕೇ ಕೊಡ್ತೀರಲ್ಲ, ಅದೇ ಬೆಲೆ ತೋರಿಸಿ’ ಎಂದಿದ್ದರಂತೆ ಸಲಹೆಗಾರರು. ಆದರೆ ಬೆಂಗಳೂರಿಗೆ ಹೋಗುವುದು ಬೇರೆ ದರ್ಜೆ, ಬೇರೆ ಚೀಲ. ರಫ್ತಿನದು ಎರಡು ಸಲ ಸಾರ್ಟೆಕ್ಸ್‌ಗೆ ಬಿದ್ದು ಬಂದ ಹಳೆಯ ಅಕ್ಕಿ. ಅದೇ ಅಕ್ಕಿಯನ್ನು ಈ ಮಿಲ್ಲು ನಂಟಿಲ್ಲದ ಕೊಲ್ಲಿಯ ಪಾರ್ಟಿಗಳಿಗೆ ₹63ಕ್ಕೆ ಮಾರಿದ ಬಿಲ್ಲುಗಳು ನನ್ನ ಕಪಾಟಿನಲ್ಲೇ ಇವೆ. ಅಧಿಕಾರಿ ಹೊರಗೆಲ್ಲೂ ಹುಡುಕುವುದು ಬೇಡ. ₹1.5 ಕೋಟಿಯನ್ನು ಇಲ್ಲಿನ ಲಾಭಕ್ಕೆ ಸೇರಿಸಿದರೆ ₹37.75 ಲಕ್ಷ ತೆರಿಗೆ ಮತ್ತು ಬಡ್ಡಿ. ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಅರ್ಧದಷ್ಟು ದಂಡ, ತಪ್ಪು ತೋರಿಸಿದ್ದೆಂದಾದರೆ ಎರಡು ಪಟ್ಟು, ಅಂದರೆ ₹75.5 ಲಕ್ಷ. ಹೀಗೆ ಸೇರಿಸಿದ ಮೊತ್ತ ₹1 ಕೋಟಿ ದಾಟಿದ್ದರಿಂದ ಆ ದುಡ್ಡನ್ನು 90 ದಿನದೊಳಗೆ ದುಬೈಯಿಂದ ತರಬೇಕು, ತರದಿದ್ದರೆ ಅದನ್ನು ಸಾಲವೆಂದು ಎಣಿಸಿ ವರ್ಷವರ್ಷ ಬಡ್ಡಿಯನ್ನು ಆದಾಯಕ್ಕೆ ಸೇರಿಸುತ್ತಾರೆ. ದುಬೈಯಲ್ಲಿ ಕಟ್ಟಿದ ₹5.73 ಲಕ್ಷ ತಾನಾಗಿ ವಾಪಸು ಬರುವುದಿಲ್ಲ.

ಎರಡನೆಯದು ಇನ್ನೂ ಹತ್ತಿರದ್ದು. ದುಬೈ ಕಂಪನಿಯ ಪರವಾಗಿ ಗಂಗಾವತಿಯಲ್ಲಿ ಕೂತವರು ಮತ್ತೆ ಮತ್ತೆ ಒಪ್ಪಂದ ಕುದುರಿಸುತ್ತಿದ್ದರೆ ಆ ಕಂಪನಿಗೆ ಇಲ್ಲೇ ನೆಲೆ ಇದೆ ಎಂದಾಗುತ್ತದೆ, ಆ ನೆಲೆಗೆ ಸೇರುವ ಲಾಭಕ್ಕೆ ಇಲ್ಲೇ ತೆರಿಗೆ. ಹೊರದೇಶದ ಕಂಪನಿಯ ದರ 2024ರ ಬಜೆಟ್ಟಿನಲ್ಲಿ ಶೇ 40ರಿಂದ ಇಳಿದ ಮೇಲೂ ಶೇ 35, ಸೆಸ್ ಸೇರಿದರೆ 36ಕ್ಕೂ ಮೇಲೆ. ಶೇ 25.17 ತಪ್ಪಿಸಿಕೊಳ್ಳಲು ಹೋಗಿ 36ರ ಮನೆ ಹೊಕ್ಕಂತೆ.

“ಹಂಗಾರ ಫೋನ್ ಮಾಡೋದು ಬಿಡೋಣು. ಹುಡುಗನಽ ಬೆಲಿ ಹೇಳ್ಲಿ” ಎಂದರು ತಮ್ಮ.

ಅಣ್ಣ ತಲೆ ಎತ್ತಿದರು. “ಅವಂಗ ಇಲ್ಲಿ ನೆಲ್ಲಿನ ಹಸಿ ಎಷ್ಟೈತಿ ಅಂತ ಹೆಂಗ್ ಗೊತ್ತಾಗ್ಬೇಕೋ?”

ಕಾನೂನಿನ ಪುಸ್ತಕವನ್ನೆಲ್ಲ ಬಿಡಿಸಿ ನಾನು ಹೇಳಲು ಹೊರಟಿದ್ದನ್ನು ಅವರು ಒಂದು ಪ್ರಶ್ನೆಯಲ್ಲಿ ಕೇಳಿಬಿಟ್ಟಿದ್ದರು. ಮುಖ್ಯ ಕಚೇರಿ ಎಂದರೆ ಈ ಮಿಲ್ಲಿನ ಮಟ್ಟಿಗೆ ಆ ಹಸಿ ಗೊತ್ತಾಗುವ ಜಾಗ. ಅದನ್ನು ಒಯ್ಯಲು ಬರುವುದಿಲ್ಲ.

ಬ್ಯಾಂಕು ಮತ್ತು ನೆಲ್ಲಿನ ದುಡ್ಡು

ಇಷ್ಟರ ಮೇಲೂ ತಮ್ಮನ ಮನಸ್ಸು ಪೂರ್ತಿ ತಿರುಗಿರಲಿಲ್ಲ. ‘ಇಲಾಖೆಯವರು ನಮ್ಮಂಥ ಸಣ್ಣವರ ಫೈಲು ತೆಗೀತಾರಾ’ ಎಂಬ ಮಾತು ಮುಖದಲ್ಲಿತ್ತು. ಅವರನ್ನು ನಿಲ್ಲಿಸಿದ್ದು ತೆರಿಗೆಯಲ್ಲ, ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ಟು.

ಕೊಯ್ಲಿನ ಎರಡು ತಿಂಗಳಲ್ಲಿ ಮಿಲ್ಲಿಗೆ ವರ್ಷದ ಹೆಚ್ಚುಪಾಲು ನೆಲ್ಲು ಬರುತ್ತದೆ. ರೈತನಿಗೆ ದುಡ್ಡು ಕೂಡಲೇ ಬೇಕು, ಅವನ ಗೊಬ್ಬರದಂಗಡಿಯ ಬಾಕಿ ಕಾದು ನಿಂತಿರುತ್ತದೆ. ಮಿಲ್ಲಿನ ದುಡ್ಡು ಅಕ್ಕಿಯಾಗಿ ಮಾರಾಟವಾಗಿ ಮರಳಲು ತಿಂಗಳುಗಳೇ ಬೇಕು. ಈ ನಡುವಿನ ಹಳ್ಳವನ್ನು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ತುಂಬುತ್ತದೆ. ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟು, ವರ್ಷಕ್ಕೊಮ್ಮೆ ಬ್ಯಾಲೆನ್ಸ್ ಶೀಟು ನೋಡಿ ಲಿಮಿಟ್ಟು ನವೀಕರಣ.

ಬ್ಯಾಲೆನ್ಸ್ ಶೀಟಿನಲ್ಲಿ ಲಾಭ ₹2 ಕೋಟಿಯಿಂದ ₹50 ಲಕ್ಷಕ್ಕೆ ಇಳಿದರೆ ಬ್ಯಾಂಕಿನ ಮ್ಯಾನೇಜರ್ ಏನು ಕೇಳುತ್ತಾರೆ? ‘ಲಾಭ ದುಬೈಯಲ್ಲಿದೆ ಸಾರ್’ ಎಂದು ಹೇಳಲು ಆಗುತ್ತದೆಯೇ? ಲಿಮಿಟ್ಟು ಕಡಿಮೆಯಾದರೆ ನವೆಂಬರಿನಲ್ಲಿ ನೆಲ್ಲು ಕೊಳ್ಳಲು ದುಬೈಯ ದುಡ್ಡನ್ನೇ ತರಬೇಕು. ಅದು ಡಿವಿಡೆಂಡಾಗಿ ಅಣ್ಣತಮ್ಮಂದಿರ ಕೈಗೆ ಬಂದರೆ ಅವರ ಸ್ಲ್ಯಾಬಿನ ಪ್ರಕಾರ ಶೇ 30ರ ತೆರಿಗೆ. ಶೇ 25 ಉಳಿಸಿ ಇಟ್ಟದ್ದನ್ನು ಶೇ 30 ಕೊಟ್ಟು ಮನೆಗೆ ತಂದಂತಾಯಿತು. ತರದೆ ಅಲ್ಲೇ ಬಿಟ್ಟರೆ ಅದರಿಂದ ಗಂಗಾವತಿಯಲ್ಲಿ ಒಂದು ಚೀಲ ನೆಲ್ಲೂ ಬರುವುದಿಲ್ಲ. ತೋರಿಸದೆ ಬಿಟ್ಟರೆ 2015ರ ಕಪ್ಪುಹಣ ಕಾಯ್ದೆ: ಶೇ 30 ತೆರಿಗೆ, ಅದರ ಮೂರು ಪಟ್ಟು ದಂಡ, ಜೈಲೂ ಉಂಟು. ಆ ದಾರಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದಕ್ಕಾಗಿ ನನಗೆ ಅವರ ಮೇಲೆ ಗೌರವ.

ಮೌನವಾಗಿ ಕೇಳುತ್ತಿದ್ದ ಅಣ್ಣ ಆಗ ಆಡಿದ ಮಾತನ್ನು ನಾನು ಮರೆಯುವುದಿಲ್ಲ. ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕಿತ್ತುಹೋಗಿ ನೀರು ಹರಿದುಹೋಗುತ್ತಿದ್ದಾಗ ಎಡದಂಡೆಯ ಊರೂರೇ ನಿದ್ದೆಗೆಟ್ಟಿತ್ತು. ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಉಕ್ಕಿನ ತಡೆಯಾದ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದರು. ಅದು ನಿಂತಿದ್ದಕ್ಕೇ ಈ ಕೊಯ್ಲು. “ಗೇಟ್ ಹೋದಾಗ ಸರ್ಕಾರ ಏನ್ ಮಾಡಾಕತ್ತೈತಿ ಅಂತ ನಾನಽ ಎಲ್ಲಾರ ಮುಂದ ಒದರಿದ್ದೆ. ಈಗ ನಾನಽ ಕಂಪನಿ ದುಬೈದು ಅಂದ್ರ ಹೆಂಗ್ರಿ?” ಎಂದರು. ತಮ್ಮ ಫೈಲು ಮುಚ್ಚಿದರು.

ತೆರಿಗೆಯನ್ನು ಲೆಕ್ಕವಾಗಿ ಮಾತ್ರ ನೋಡುವುದು ನನ್ನ ಕೆಲಸ, ಭಾವನೆ ಬೆರೆಸಬಾರದು ಎಂದು ಕಲಿತವನು ನಾನು. ಆದರೂ ಹೇಳುತ್ತೇನೆ: ಕಾಲುವೆ ನೀರಿನ ಮೇಲೆ ನಿಂತ ಉದ್ಯಮ ಆ ಕಾಲುವೆ ಇರುವ ನಾಡಿನಲ್ಲೇ ತೆರಿಗೆ ಕಟ್ಟುವುದು ನ್ಯಾಯ.

ಕೊನೆಗೆ ಮಾಡಿದ್ದು

ಮಗನ ಮೂಲ ಮಾತು ಮಾತ್ರ ಉಳಿದೇ ಇತ್ತು. ಅದನ್ನು ತೆರಿಗೆಯ ಬಣ್ಣ ತೊಳೆದು ಮತ್ತೆ ಕೈಗೆತ್ತಿಕೊಂಡೆವು.

ಯೋಜನೆಯನ್ನು ತಲೆಕೆಳಗು ಮಾಡಿದೆವು. ತಾಯಿ ಗಂಗಾವತಿಯಲ್ಲೇ, ಮಗಳು ದುಬೈಯಲ್ಲಿ. ಭಾರತದ ಕಂಪನಿ ತನ್ನ ನಿವ್ವಳ ಆಸ್ತಿಯ ನಾಲ್ಕು ಪಟ್ಟಿನ ಮಿತಿಯೊಳಗೆ, ರಿಸರ್ವ್ ಬ್ಯಾಂಕಿನ ಮುಂಚಿತ ಅನುಮತಿ ಬೇಡದೆ, ಹೊರದೇಶದಲ್ಲಿ ಹೂಡಬಹುದು. ಬ್ಯಾಂಕಿನ ಮೂಲಕ ಫಾರಂ ಕೊಟ್ಟು ನೋಂದಣಿ ಸಂಖ್ಯೆ ಪಡೆದೆವು. ಪ್ರತಿ ಡಿಸೆಂಬರ್ 31ರೊಳಗೆ ಆ ಕಂಪನಿಯ ಸಾಧನಾ ವರದಿ ಸಲ್ಲಿಸುವುದು ಕಡ್ಡಾಯ, ಮರೆತರೆ ತಡದ ಶುಲ್ಕ. ಮಗ ನೌಕರಿ ಬಿಟ್ಟು ಅದರ ವ್ಯವಸ್ಥಾಪಕನಾದ.

ಗಂಗಾವತಿಯ ಅಕ್ಕಿಯ ಬೆಲೆಯನ್ನು ಮೊದಲಿನಂತೆ ಅಣ್ಣನೇ ಕಟ್ಟುತ್ತಾರೆ, ಬಿಲ್ಲು ಗಂಗಾವತಿಯಿಂದ ನೇರ ಗಿರಾಕಿಗೆ. ದುಬೈ ಕಂಪನಿ ಗಿರಾಕಿಯನ್ನು ತಂದರೆ ಅದಕ್ಕೆ ಕಮಿಷನ್, ಹೊರಗಿನ ದಲ್ಲಾಳಿಗಳಿಗೆ ಮಿಲ್ಲು ಮೊದಲಿಂದ ಕೊಡುತ್ತಿದ್ದ ದರದಲ್ಲೇ. ಇದನ್ನು ಒಪ್ಪಂದದಲ್ಲಿ ಬರೆದು, ಹಳೆಯ ದಲ್ಲಾಳಿ ಬಿಲ್ಲುಗಳ ನಕಲನ್ನು ಅದರ ಜೊತೆಯೇ ಇಟ್ಟಿದ್ದೇವೆ. ಮೊದಲ ವರ್ಷ ಉಳಿದ ತೆರಿಗೆ ಹೆಚ್ಚುಕಡಿಮೆ ಏನೂ ಇಲ್ಲ. ಕಮಿಷನ್ ತೆಗೆದು ಉಳಿದ ಲಾಭಕ್ಕೆ ಮಿಲ್ಲು ಎಂದಿನಂತೆ ಶೇ 25.17 ಕಟ್ಟಿತು. ಸಿಸಿ ಲಿಮಿಟ್ಟು ಕಡಿಮೆಯಾಗಲಿಲ್ಲ. ಸಾರ್ಟೆಕ್ಸ್ ಮಿಷನ್ ಬ್ಯಾಂಕಿನ ಸಾಲದಲ್ಲೇ ಬಂತು.

ಮಾರನೆಯ ಬೇಸಿಗೆಯಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಮಗನ ಫೋನ್ ಬರಲಿಲ್ಲ. ಮರುದಿನ ಬೆಳಿಗ್ಗೆ ಬಂತು. ವಿಯೆಟ್ನಾಮಿನಿಂದ ಎರಡು ಕಂಟೇನರ್ ಅಕ್ಕಿ ಕೊಂಡು ಮಸ್ಕತ್ತಿನ ಪಾರ್ಟಿಗೆ ಮಾರಿದ್ದ. ಅಪ್ಪನನ್ನು ಕೇಳಿರಲಿಲ್ಲ. ಆ ಅಕ್ಕಿಯ ಹಸಿ ಅಪ್ಪನಿಗೆ ಗೊತ್ತಾಗುವಂಥದ್ದೂ ಆಗಿರಲಿಲ್ಲ.

ಅಣ್ಣ ಎರಡು ದಿನ ಬಿಟ್ಟು ನನ್ನ ಆಫೀಸಿಗೆ ಬಂದರು. ಸಿಟ್ಟಿತ್ತೋ, ಹಿಗ್ಗಿತ್ತೋ, ಮುಖ ನೋಡಿ ಹೇಳಲಾಗಲಿಲ್ಲ. “ಸಾಹೇಬ್ರ, ಅದರಾಗ ಬಂದ ಲಾಭದ ಟ್ಯಾಕ್ಸ್ ಎಲ್ಲಿ ಕಟ್ಟಬೇಕ್ರಿ?”

“ಅದು ದುಬೈದು, ಯಜಮಾನ್ರ,” ಎಂದೆ.